ಅಂಗವಿಕಲ ಕಲಾವಿದರಿಗೆ ಊರಲ್ಲೊಂದು ಸ್ಟುಡಿಯೋ: ಶುರು ಮಾಡಿ ನಡೆಸುವುದು ಹೇಗೆ?

ಸ್ಟುಡಿಯೋ ಶುರುವಾದ ವಾರ ನಾನು ಪಂಕ್ಚರ್ ಅಂಗಡಿಗೆ ಹೋಗಿ ಹಳೇ ಸೈಕಲ್ ಟ್ಯೂಬ್ ಇದೆಯಾ ಅಂತ ಕೇಳಿದೆ. ಅಂಗಡಿಯವರು ಎರಡು ಟ್ಯೂಬ್ ತೆಗೆದುಕೊಟ್ಟು, "ಯಾವುದಕ್ಕೆ ಮೇಡಂ?" ಅಂದರು. "ಬ್ರಷ್‌ಗೆ" ಅಂದೆ. ಒಂದು ಕ್ಷಣ ನನ್ನನ್ನೇ ನೋಡಿದರು. ದುಡ್ಡು ಮಾತ್ರ ತಗೊಳ್ಳಲಿಲ್ಲ.

ಆ ಟ್ಯೂಬನ್ನು ಒಂದಿಂಚಿನ ಪಟ್ಟಿ ಮಾಡಿ ಬ್ರಷ್ಷಿನ ಹಿಡಿಗೆ ಬಿಗಿಯಾಗಿ ಸುತ್ತಿ. ಹಿಡಿ ದಪ್ಪವಾಗುತ್ತದೆ, ಜಾರುವುದೂ ಇಲ್ಲ. ಬೆರಳು ಪೂರ್ತಿ ಮಡಚಲು ಆಗದವರೂ ಗಟ್ಟಿಯಾಗಿ ಹಿಡಿಯಬಹುದು. ನಾನು ಇಲ್ಲಿ ಹೇಳುವುದೆಲ್ಲ ಹೆಚ್ಚುಕಡಿಮೆ ಇಂಥ ಕೆಲಸವೇ. ಕಲಾವಿದರ ಕೈ ತಿದ್ದಲು ಹೋಗಬೇಡಿ. ಬ್ರಷ್ಷು, ಮೇಜು, ಬಾಗಿಲು ತಿದ್ದಿ.

ನಿಮ್ಮ ಊರಲ್ಲಿ ವಯಸ್ಕ ಅಂಗವಿಕಲರು ಬಂದು ಕೂತು ಚಿತ್ರ ಬರೆಯುವ, ಮಣ್ಣು ಮೆತ್ತುವ, ಹೊಲಿಯುವ ಜಾಗ ಮಾಡಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕಟ್ಟಡ ಬೇಡ. ಮೂರು ಜನ, ಒಂದು ಮೇಜು, ವಾರಕ್ಕೆ ಒಂದು ದಿನ. ಅಷ್ಟರಿಂದ ಶುರು ಮಾಡಬಹುದು. ನಾವೂ ಹಾಗೇ ಶುರು ಮಾಡಿದ್ದು.

ಮೊದಲು ಇದು ಏನು ಅಂತ ತೀರ್ಮಾನಿಸಿ

ಇದು ಡ್ರಾಯಿಂಗ್ ಕ್ಲಾಸ್ ಅಲ್ಲ. ಇಲ್ಲಿ ಪಾಠ ಇಲ್ಲ, ಪರೀಕ್ಷೆ ಇಲ್ಲ. ಥೆರಪಿಯೂ ಅಲ್ಲ. ಕೆಲಸ ಮಾಡಿ ಮನಸ್ಸು ಹಗುರಾದರೆ ಒಳ್ಳೆಯದೇ, ಆದರೆ ಅದನ್ನು ಅಳೆಯಲು ಕೂರಬೇಡಿ. ಲಕೋಟೆ ಅಂಟಿಸುವ, ಅಗರಬತ್ತಿ ಪ್ಯಾಕ್ ಮಾಡುವ ತರಬೇತಿ ಕೇಂದ್ರವಂತೂ ಅಲ್ಲ. ಇದು ಕಲಾವಿದರು ಕೆಲಸಕ್ಕೆ ಬರುವ ಜಾಗ. ಈ ಮಾತನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳದಿದ್ದರೆ ಆರು ತಿಂಗಳಲ್ಲಿ ನೀವು ದೀಪಾವಳಿಗೆ ಹಣತೆಗೆ ಬಣ್ಣ ಬಳಿಸುತ್ತಾ ಇರುತ್ತೀರಿ. ಹಣತೆ ಬಗ್ಗೆ ನನಗೇನೂ ಸಿಟ್ಟಿಲ್ಲ. ಆದರೆ ನೂರು ಹಣತೆಗೆ ಒಂದೇ ಡಿಸೈನ್ ಬಳಿಯುವುದು ಬೇರೆ, ಕಲಾವಿದ ಅನ್ನಿಸಿಕೊಳ್ಳುವುದು ಬೇರೆ.

ಇಂಥ ಸ್ಟುಡಿಯೋಗಳ ಪೈಕಿ ಹೆಚ್ಚು ಹೆಸರಾದದ್ದು ಅಮೆರಿಕದ ಓಕ್ಲೆಂಡ್‌ನ ಕ್ರಿಯೇಟಿವ್ ಗ್ರೋತ್. 1974ರಲ್ಲಿ ಫ್ಲಾರೆನ್ಸ್ ಲೂಡಿನ್ಸ್-ಕಾಟ್ಜ್ ಮತ್ತು ಎಲಿಯಾಸ್ ಕಾಟ್ಜ್ ಅನ್ನುವ ದಂಪತಿ ಅದನ್ನು ತಮ್ಮ ಮನೆಯಲ್ಲೇ ಶುರು ಮಾಡಿದರು. ಹೆಂಡತಿ ಕಲಾವಿದೆ, ಗಂಡ ಮನಶ್ಶಾಸ್ತ್ರಜ್ಞ. ಆಗ ಕ್ಯಾಲಿಫೋರ್ನಿಯಾದಲ್ಲಿ ಮಾನಸಿಕ ಕಾಯಿಲೆಯವರನ್ನು, ಅಂಗವಿಕಲರನ್ನು ಇಡುತ್ತಿದ್ದ ದೊಡ್ಡ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಖಾಲಿಯಾಗುತ್ತಿದ್ದವು. ವರ್ಷಗಟ್ಟಲೆ ಒಳಗೇ ಇದ್ದವರು ಹೊರಗೆ ಬಂದಿದ್ದರು, ಹಗಲು ಹೊತ್ತು ಹೋಗಲು ಅವರಿಗೆ ಒಂದು ಜಾಗ ಇರಲಿಲ್ಲ. ಇದೇ ದಂಪತಿ 1982ರಲ್ಲಿ ರಿಚ್ಮಂಡ್‌ನಲ್ಲಿ ನಯಾಡ್, 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ರಿಯೇಟಿವಿಟಿ ಎಕ್ಸ್‌ಪ್ಲೋರ್ಡ್ ಅನ್ನುವ ಇಂಥದೇ ಸ್ಟುಡಿಯೋ ಶುರು ಮಾಡಿದರು. ಮೂರೂ ಇವತ್ತಿಗೂ ನಡೆಯುತ್ತಿವೆ. 2024ರಲ್ಲಿ ಕ್ರಿಯೇಟಿವ್ ಗ್ರೋತ್‌ಗೆ 50 ವರ್ಷ ತುಂಬಿತು. ಆ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಮ್ಯೂಸಿಯಂ ಅಲ್ಲಿನ ಕಲಾವಿದರ ನೂರಕ್ಕೂ ಹೆಚ್ಚು ಕೃತಿಗಳನ್ನು ತನ್ನ ಸಂಗ್ರಹಕ್ಕೆ ತಗೊಂಡು ಪ್ರದರ್ಶನ ಮಾಡಿತು. ಮನೆಯಲ್ಲಿ ಹಾಕಿದ ಮೇಜು ಅಲ್ಲಿಗೆ ಮುಟ್ಟಿತು.

ಜಾಗ ನೋಡುವಾಗ ಟೇಪ್ ಹಿಡಿದುಕೊಂಡು ಹೋಗಿ

ನೆಲಮಹಡಿ ಮಾತ್ರ ನೋಡಿ. "ಎರಡೇ ಮೆಟ್ಟಿಲು, ಎತ್ತಿಕೊಂಡು ಹೋದರಾಯ್ತು" ಅಂತ ಓನರ್ ಹೇಳುತ್ತಾರೆ. ಒಪ್ಪಬೇಡಿ. ಎತ್ತಿಸಿಕೊಂಡು ಒಳಗೆ ಹೋಗುವ ಜಾಗಕ್ಕೆ ಯಾರೂ ಹತ್ತು ಸಲ ಬರುವುದಿಲ್ಲ.

ರ‍್ಯಾಂಪ್ ಲೆಕ್ಕ ಸುಲಭ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಏಳೇಳು ಇಂಚಿನ ಎರಡು ಮೆಟ್ಟಿಲು ಇದ್ದರೆ ಒಟ್ಟು 14 ಇಂಚು, ಹಾಗಾಗಿ 14 ಅಡಿ ರ‍್ಯಾಂಪ್ ಬೇಕು. ಗಾರೆ ಮೇಸ್ತ್ರಿ ಬೈಕ್ ಹತ್ತಿಸಲು ಹಾಕುವ ಇಳಿಜಾರನ್ನೇ ಹಾಕಿಕೊಟ್ಟು "ಆಯ್ತು" ಅನ್ನುತ್ತಾರೆ. ನಮ್ಮಲ್ಲೂ ಹಾಗೇ ಆಯಿತು. ಮೊದಲ ದಿನವೇ ವೀಲ್‌ಚೇರ್ ಹಿಂದಕ್ಕೆ ವಾಲಿತು, ಹಿಂದೆ ಇಬ್ಬರಿದ್ದರು, ಬಚಾವಾದೆವು. ಒಡೆದು ಮತ್ತೆ ಕಟ್ಟಿಸಿದೆವು. ಅಷ್ಟು ಉದ್ದಕ್ಕೆ ಜಾಗ ಇಲ್ಲದಿದ್ದರೆ ಎಲ್ ಆಕಾರದಲ್ಲಿ ತಿರುಗಿಸಿ, ತಿರುವಿನಲ್ಲಿ ಐದಡಿ ಸಮತಟ್ಟು ಬಿಡಿ. ಮೇಲ್ಮೈಗೆ ಸಿಮೆಂಟಿನಲ್ಲೇ ಗೀರು ಹಾಕಿಸಿ, ಮಳೆಗಾಲದಲ್ಲಿ ಜಾರುವುದಿಲ್ಲ.

ಬಾಗಿಲು ಮೂರಡಿ ಅಗಲ ಇರಬೇಕು. ಒಳಗೆ ವೀಲ್‌ಚೇರ್ ಪೂರ್ತಿ ತಿರುಗಲು ಐದಡಿ ಸುತ್ತಳತೆಯ ಖಾಲಿ ಜಾಗ ಅಲ್ಲ, ಐದಡಿ ಅಗಲದ ಖಾಲಿ ಜಾಗ ಬೇಕು. ಈ ವ್ಯತ್ಯಾಸ ತಿಳಿಯದೆ ನಾನೇ ಒಂದು ಸಲ ತಪ್ಪಾಗಿ ಗುರುತು ಹಾಕಿದ್ದೆ.

ಇನ್ನು ಟಾಯ್ಲೆಟ್. ಕಾಣಲು ಎಷ್ಟೇ ಚೆನ್ನಾಗಿರಲಿ, ಟಾಯ್ಲೆಟ್ ಸರಿ ಇಲ್ಲದ ಸ್ಟುಡಿಯೋಗೆ ಹೆಣ್ಣುಮಕ್ಕಳು ಬರುವುದಿಲ್ಲ. ಬಂದರೂ ಬೆಳಿಗ್ಗೆಯಿಂದ ನೀರು ಕುಡಿಯದೆ ಬರುತ್ತಾರೆ. ಕಮೋಡ್ ಇರಲಿ, ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಗಟ್ಟಿ ಸ್ಟೀಲ್ ಕಂಬಿ ಇರಲಿ, ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ತಳ್ಳಲು ಆಗುವುದಿಲ್ಲ, ಅಲ್ವಾ?

ತಗಡಿನ ಛಾವಣಿ ಬೇಡ. ಮಳೆ ಸದ್ದಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವವರು ಇರುತ್ತಾರೆ. ಮಿಣುಕುವ ಟ್ಯೂಬ್‌ಲೈಟ್ ಅವತ್ತೇ ಬದಲಿಸಿ. ಒಂದು ಮೂಲೆಗೆ ದಪ್ಪ ಪರದೆ ಕಟ್ಟಿ ಚಾಪೆ, ದಿಂಬು ಹಾಕಿಡಿ. ಗಲಾಟೆ ಜಾಸ್ತಿ ಆಯಿತು ಅನ್ನಿಸಿದವರು ಹೋಗಿ ಕೂರಲಿ. ಯಾಕೆ ಅಂತ ಕೇಳಬೇಡಿ.

ಮೇಜು, ಹಿಡಿ, ಕಾಗದ

ದುಡ್ಡು ಕಮ್ಮಿ, ತಲೆ ಜಾಸ್ತಿ ಬೇಕಾದ ಭಾಗ ಇದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೇಜಿನ ಕೆಳಗೆ ವೀಲ್‌ಚೇರ್‌ನಲ್ಲಿ ಕೂತವರ ಮೊಣಕಾಲು ಹೋಗಬೇಕು. ನೆಲದಿಂದ ಮೇಜಿನ ಅಡಿಗೆ 28 ಇಂಚು ಸಿಕ್ಕರೆ ಬಹುಪಾಲು ಜನಕ್ಕೆ ಸಾಕು. ಡ್ರಾಯರ್ ಇರುವ ಆಫೀಸ್ ಮೇಜು ಯಾರಾದರೂ ದಾನ ಕೊಟ್ಟರೆ ಡ್ರಾಯರ್ ಕಿತ್ತುಹಾಕಿ. ಕುಳ್ಳ ಮೇಜಿದ್ದರೆ ಕಾಲಡಿಗೆ ಮರದ ತುಂಡು ಮಾಡಿಸಿ, ಕಾಲು ಕೂರಲು ನಡುವೆ ಹಳ್ಳ ಕೊರೆಸಿ. ಬರೀ ಇಟ್ಟಿಗೆ ಇಟ್ಟರೆ ಒಂದು ದಿನ ಜಾರುತ್ತದೆ.

ಕಾಗದ ಓಡಾಡದಂತೆ ನೋಡಿಕೊಳ್ಳಿ. ಒಂದೇ ಕೈಯಲ್ಲಿ ಕೆಲಸ ಮಾಡುವವರಿಗೆ ಅರ್ಧ ಶ್ರಮ ಕಾಗದ ಹಿಡಿಯುವುದರಲ್ಲೇ ಹೋಗುತ್ತದೆ. ನಾಲ್ಕು ಮೂಲೆಗೆ ಮಾಸ್ಕಿಂಗ್ ಟೇಪ್ ಹಾಕಿ. ಪ್ಲೈವುಡ್ ಬೋರ್ಡನ್ನು ಬಡಗಿಗಳು ಬಳಸುವ ಸಿ ಕ್ಲಾಂಪ್‌ನಿಂದ ಮೇಜಿಗೆ ಬಿಗಿಯಿರಿ. ಬಣ್ಣ ಹಾಕಲು ಅಗಲವಾದ ಸ್ಟೀಲ್ ತಟ್ಟೆ ಕೊಡಿ, ಅಡಿಗೆ ಒದ್ದೆ ಬಟ್ಟೆ ಹಾಸಿದರೆ ತಟ್ಟೆ ಕೂತಲ್ಲೇ ಇರುತ್ತದೆ. ನೀರಿಗೆ ಪ್ಲಾಸ್ಟಿಕ್ ಲೋಟ ಬೇಡ. ಅಗಲ ತಳದ ಭಾರದ ಚೊಂಬು ಇಡಿ. ಒಂದು ಕೈ ತಾಗಿದರೆ ಮೂರು ವಾರದ ಕೆಲಸ ನೀರಾಗುತ್ತದೆ.

ಹಿಡಿಯ ವಿಷಯಕ್ಕೆ ಬರೋಣ. ಟ್ಯೂಬ್ ಸುತ್ತುವುದು ಒಂದು ದಾರಿ. ಸ್ಪಂಜಿನ ಚೆಂಡಿಗೆ ತೂತು ಮಾಡಿ ಬ್ರಷ್ ತೂರಿಸುವುದು ಇನ್ನೊಂದು, ಮುಷ್ಟಿ ಕಟ್ಟಿಯೇ ಇರುವ ಕೈಗೆ ಇದು ಚೆನ್ನಾಗಿ ಒಗ್ಗುತ್ತದೆ. ಹಿಡಿತವೇ ಇಲ್ಲದವರಿಗೆ ಅಂಗೈ ಸುತ್ತ ಬರುವ ವೆಲ್ಕ್ರೋ ಪಟ್ಟಿ ಮಾಡಿ, ಒಳಗೆ ಬ್ರಷ್ ಸಿಕ್ಕಿಸಲು ಸಣ್ಣ ಜೇಬು ಹೊಲಿಸಿ. ಬ್ಲೌಸ್ ಹೊಲಿಯುವ ಟೈಲರ್ ಯಾರಾದರೂ ಹೊಲಿದುಕೊಡುತ್ತಾರೆ, ಅಳತೆಗೆ ಆ ಕಲಾವಿದರನ್ನೇ ಕರೆದುಕೊಂಡು ಹೋಗಿ. ಕೈ ನಡುಗುವ ಕೆಲವರಿಗೆ ಹಗುರ ಬ್ರಷ್‌ಗಿಂತ ಭಾರದ ಬ್ರಷ್ ಒಳ್ಳೆಯದು. ಹಿಡಿಗೆ ಎರಡು ದೊಡ್ಡ ಕಬ್ಬಿಣದ ನಟ್ ತೊಡಿಸಿ ನೋಡಿ. ಹಿತ ಅನ್ನಿಸದಿದ್ದರೆ ತೆಗೆಯಿರಿ. ಬಾಯಲ್ಲಿ ಬ್ರಷ್ ಹಿಡಿಯುವವರಿಗೆ ಹಲ್ಲು ಕಚ್ಚುವ ಜಾಗಕ್ಕೆ ಮೆತ್ತನೆ ಸಿಲಿಕೋನ್ ಕೊಳವೆ ಹಾಕಿ, ಅದು ಅವರೊಬ್ಬರದ್ದೇ ಆಗಿರಲಿ, ದಿನಾ ತೊಳೆಯಿರಿ.

ಕಣ್ಣು ಕಾಣದವರಿಗೆ ನಾವು ಮಾಡಿದ ಒಂದು ಬೋರ್ಡ್ ಹೇಳುತ್ತೇನೆ. ಕಿಟಕಿಗೆ ಹಾಕುವ ಒರಟು ಸೊಳ್ಳೆ ಜಾಲರಿಯನ್ನು ಪ್ಲೈವುಡ್ ಮೇಲೆ ಎಳೆದು ಸುತ್ತ ಪಿನ್ ಹೊಡೆಯಿರಿ. ಅದರ ಮೇಲೆ ತೆಳು ಕಾಗದ ಇಟ್ಟು ಮೇಣದ ಕ್ರೇಯಾನ್‌ನಿಂದ ಒತ್ತಿ ಗೆರೆ ಎಳೆಯಿರಿ. ಗೆರೆ ಸಣ್ಣ ಸಣ್ಣ ಚುಕ್ಕಿಯಾಗಿ ಉಬ್ಬಿ ಕೂರುತ್ತದೆ. ಬೆರಳಾಡಿಸಿದರೆ ತಾನು ಎಳೆದದ್ದು ತನಗೇ ತಿಳಿಯುತ್ತದೆ. ಮೊದಲ ಸಲ ಇದನ್ನು ಮುಟ್ಟಿದ ಒಬ್ಬರು ಅರ್ಧ ಗಂಟೆ ಬರೀ ವೃತ್ತ ಎಳೆದರು, ಪ್ರತಿ ವೃತ್ತದ ಮೇಲೂ ಬೆರಳು ಒಂದು ಸುತ್ತು ಹಾಕಿಸಿದರು. ಕೊನೆಗೆ "ಇದು ಮುಚ್ಕೊಂಡಿಲ್ಲ" ಅಂದರು. ನೋಡಿದರೆ ಹೌದು, ಒಂದು ವೃತ್ತದ ಬಾಯಿ ಕೂಡಿರಲಿಲ್ಲ. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಕಣ್ಣು ಕಾಣದವರು ಚಿತ್ರ ಏನು ಮಾಡ್ತಾರೆ?" ಅಂತ ಕೇಳುವವರು ಇರುತ್ತಾರೆ. ಅವರಿಗೆ ವಿನೋದ ಬಿಹಾರಿ ಮುಖರ್ಜಿ ಹೆಸರು ಹೇಳಿ. ಶಾಂತಿನಿಕೇತನದ ಕಲಾವಿದ, ಹುಟ್ಟಿನಿಂದಲೇ ದೃಷ್ಟಿ ಕಮ್ಮಿ. 1950ರ ದಶಕದಲ್ಲಿ ಕಣ್ಣಿನ ಆಪರೇಷನ್ ಆದ ಮೇಲೆ ಇದ್ದದ್ದೂ ಪೂರ್ತಿ ಹೋಯಿತು. ಆಮೇಲೂ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. 1972ರಲ್ಲಿ ಕಲಾಭವನದ ಗೋಡೆಗೆ ದೊಡ್ಡ ಟೈಲ್ಸ್ ಚಿತ್ರ ಮಾಡಿದರು.

ಸಾಮಾನು ಮಕ್ಕಳ ಅಂಗಡಿಯದ್ದು ಬೇಡ. ನಲವತ್ತು ವರ್ಷದವರ ಮುಂದೆ ಕಾರ್ಟೂನ್ ಇರುವ ಕ್ರೇಯಾನ್ ಡಬ್ಬಿ ಇಡಬೇಡಿ. ಬಣ್ಣ ಎರಡು ಕಮ್ಮಿ ಇದ್ದರೂ ಪರವಾಗಿಲ್ಲ, ಕಾಗದ ಮಾತ್ರ ದಪ್ಪನೆಯ ಒಳ್ಳೇ ಕಾಗದ ಇರಲಿ. ಏನು ಸಿಕ್ಕರೂ ಬಾಯಿಗೆ ಹಾಕಿಕೊಳ್ಳುವವರು ಇದ್ದರೆ ಟ್ಯೂಬಿನ ಬಣ್ಣ ದೂರ ಇಡಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಅಕ್ಕಿ ಹಿಟ್ಟು, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು ಬಳಸುತ್ತಾರೆ, ಪುಂಡಿ ನಾರಿನ ಕುಂಚದಲ್ಲಿ ಗೆರೆ ಎಳೆಯುತ್ತಾರೆ. ಆ ದಾರಿಯಲ್ಲಿ ಅಕ್ಕಿ ಹಿಟ್ಟು, ಅರಿಶಿನ ಬಳಸಿ ನೋಡಬಹುದು. ಉತ್ತರ ಕರ್ನಾಟಕದ ಕಡೆಯವರಾದರೆ ಒಂದು ಮೂಲೆಯಲ್ಲಿ ಹಳೇ ಸೀರೆ, ದಪ್ಪ ಸೂಜಿ, ದಾರ ಇಡಿ. ಕೌದಿ ಹೊಲಿಯುವುದನ್ನು ನೋಡುತ್ತಾ ಬೆಳೆದ ಕೈಗೆ ಬ್ರಷ್‌ಗಿಂತ ಸೂಜಿ ಹತ್ತಿರ.

ಜನರನ್ನು ಹುಡುಕುವುದು

ಬೋರ್ಡ್ ಬರೆಸಿ ಬಾಗಿಲು ತೆರೆದರೆ ಯಾರೂ ಬರುವುದಿಲ್ಲ. ಶಾಲೆ ಮುಗಿದ ಮೇಲೆ ಎಷ್ಟೋ ಜನ ಮನೆಯಿಂದ ಹೊರಗೇ ಬಂದಿರುವುದಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಅವರ ಜೊತೆ ಹೋಗಿ, ಮನೆಯಲ್ಲಿ ಕೂತು ಕಾಫಿ ಕುಡಿಯಿರಿ. ಜೊತೆಗೆ ಒಂದಿಷ್ಟು ಮಣ್ಣೋ ಬಣ್ಣವೋ ಒಯ್ಯಿರಿ. ಬಾಯಲ್ಲಿ ವಿವರಿಸುವುದಕ್ಕಿಂತ ಅದು ಬೇಗ ತಲುಪುತ್ತದೆ.

ಮಾತಾಡುವಾಗ ಅಮ್ಮನನ್ನು ಕೇಳಬೇಡಿ. ಕಲಾವಿದರನ್ನೇ ಕೇಳಿ, ಉತ್ತರ ಬರದಿದ್ದರೂ ಅವರ ಮುಖ ನೋಡಿಯೇ ಕೇಳಿ. ಮೂವತ್ತು ದಾಟಿದವರನ್ನು "ಪುಟ್ಟಾ" ಅನ್ನಬೇಡಿ. ಅಣ್ಣ, ಅಕ್ಕ, ಇಲ್ಲವೇ ಹೆಸರಿಗೆ "ಅವರೇ" ಸೇರಿಸಿ.

ಓಡಾಟವೇ ದೊಡ್ಡ ತೊಡಕು. ಸಾರಿಗೆ ನಿಗಮದ ರಿಯಾಯಿತಿ ಪಾಸ್ ಇದ್ದರೆ ವಾಸದ ಜಾಗದಿಂದ 100 ಕಿಲೋಮೀಟರ್ ವರೆಗೆ ಓಡಾಡಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಬರುವ ಅಮ್ಮಂದಿರ ಟಿಕೆಟ್ ಚಿಂತೆ ಹೋಯಿತು. ಆದರೆ ಬಸ್ಸಿನ ಮೆಟ್ಟಿಲು ಹಾಗೇ ಇದೆ. ಹಾಗಾಗಿ ಎರಡು ಮೂರು ಜನಕ್ಕೆ ಸೇರಿ ಒಂದು ಆಟೋ ಗೊತ್ತು ಮಾಡಿ, ಅದೇ ಡ್ರೈವರ್ ಬರಲಿ. ನಿಮ್ಮ ಖರ್ಚಿನ ಪಟ್ಟಿಯಲ್ಲಿ ಬಣ್ಣಕ್ಕಿಂತ ಆಟೋ ಬಾಡಿಗೆ ಮೇಲಿರುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮೊದಲ ತಿಂಗಳು, ಮತ್ತೆ ಅದರ ಮುಂದಿನದು

ದಿನ, ಹೊತ್ತು, ಕೂರುವ ಜಾಗ ಬದಲಾಗಬಾರದು. ಪ್ರತಿಯೊಬ್ಬರಿಗೂ ಒಂದು ಡಬ್ಬಿ, ಮೇಲೆ ಅವರ ಫೋಟೋ. ಕಣ್ಣು ಕಾಣದವರ ಡಬ್ಬಿಗೆ ಮುಟ್ಟಿದರೆ ತಿಳಿಯುವ ಗುರುತು, ಒಬ್ಬರಿಗೆ ಗುಂಡಿ, ಇನ್ನೊಬ್ಬರಿಗೆ ಕಾರ್ಡುರಾಯ್ ತುಂಡು. ಗೋಡೆಗೆ ಚಿತ್ರದ ಪಟ್ಟಿ: ಬಂದೆವು, ಕೆಲಸ, ಟೀ, ಕೆಲಸ, ತೊಳೆಯುವುದು, ಮನೆ. ಮುಗಿಸುವ ಕಾಲು ಗಂಟೆ ಮುಂಚೆ ಹೇಳಿ. ಕೆಲಸದ ಮಧ್ಯೆ ಥಟ್ಟನೆ ಬ್ರಷ್ ಕಿತ್ತುಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಆಮೇಲೆ ಏನು ಮಾಡಿಸಬೇಕು? ಏನೂ ಮಾಡಿಸಬೇಡಿ. ಸಾಮಾನು ಇಡಿ, ನೀವೂ ಕೂತು ನಿಮ್ಮ ಕೆಲಸ ಮಾಡಿ. ಕೆಲವರು ಮೊದಲ ದಿನವೇ ಶುರು ಮಾಡುತ್ತಾರೆ. ಕೆಲವರು ಬಣ್ಣದ ಮುಚ್ಚಳ ತೆರೆದು ಮುಚ್ಚುತ್ತಾ ಒಂದು ತಿಂಗಳು ಕಳೆಯುತ್ತಾರೆ.

ಇಲ್ಲಿ ಜುಡಿತ್ ಸ್ಕಾಟ್ ಕಥೆ ಹೇಳಲೇಬೇಕು. 1943ರಲ್ಲಿ ಅಮೆರಿಕದ ಒಹಾಯೋದಲ್ಲಿ ಅವಳಿಯಾಗಿ ಹುಟ್ಟಿದವರು. ಡೌನ್ ಸಿಂಡ್ರೋಮ್ ಇತ್ತು. ಕಿವಿಯೂ ಕೇಳುತ್ತಿರಲಿಲ್ಲ, ಆದರೆ ಅದು ಯಾರಿಗೂ ಎಷ್ಟೋ ವರ್ಷ ಗೊತ್ತೇ ಆಗಲಿಲ್ಲ. ಮಾತಿಗೆ ಉತ್ತರ ಕೊಡುವುದಿಲ್ಲ, ಆದ್ದರಿಂದ ಕಲಿಯಲಾರಳು ಅಂತ ಬರೆದುಬಿಟ್ಟರು. ಏಳನೇ ವಯಸ್ಸಿಗೆ ಸರ್ಕಾರಿ ಸಂಸ್ಥೆಗೆ ಸೇರಿಸಿದವರನ್ನು ಸುಮಾರು 35 ವರ್ಷದ ಮೇಲೆ ಅವಳಿ ಸೋದರಿ ಜಾಯ್ಸ್ ಮನೆಗೆ ಕರೆತಂದರು. 1987ರಲ್ಲಿ ಕ್ರಿಯೇಟಿವ್ ಗ್ರೋತ್‌ಗೆ ಸೇರಿಸಿದರು. ಹೆಚ್ಚುಕಡಿಮೆ ಎರಡು ವರ್ಷ ಅಲ್ಲಿ ಏನೂ ಆಗಲಿಲ್ಲ. ಚಿತ್ರ ಬರೆಯುವುದರಲ್ಲಿ ಅವರಿಗೆ ಆಸಕ್ತಿಯೇ ಇರಲಿಲ್ಲ. ಯಾರೂ ಕಳಿಸಿಬಿಡಲಿಲ್ಲ. ಒಂದು ದಿನ ನೂಲು, ದಾರದ ಕಲಾವಿದೆಯೊಬ್ಬರು ಬಂದು ಕಾರ್ಯಾಗಾರ ಮಾಡುತ್ತಿದ್ದಾಗ ಜುಡಿತ್ ಕಡ್ಡಿಗಳಿಗೆ ನೂಲು ಸುತ್ತಲು ಶುರು ಮಾಡಿದರು. ಮತ್ತೆ ನಿಲ್ಲಿಸಲೇ ಇಲ್ಲ. ಸಿಕ್ಕ ಸಾಮಾನನ್ನೆಲ್ಲ ಒಳಗಿಟ್ಟು ಸುತ್ತಿ ಸುತ್ತಿ, 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ 200ಕ್ಕೂ ಹೆಚ್ಚು ಶಿಲ್ಪ ಮಾಡಿದ್ದರು. 2014ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ಅವರ ಕೆಲಸದ ದೊಡ್ಡ ಪ್ರದರ್ಶನ ಮಾಡಿತು.

ನಮ್ಮಲ್ಲಾಗಿದ್ದರೆ ಎರಡನೇ ತಿಂಗಳಿಗೇ "ಇವರಿಗೆ ಆಸಕ್ತಿ ಇಲ್ಲ" ಅಂತ ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದೆವೇನೋ. ಯಾರಾದರೂ ಸುಮ್ನೆ ಕೂತಿದ್ದರೆ ಸಾಮಾನು ಬದಲಿಸಿ ನೋಡಿ. ಬ್ರಷ್ ಬೇಡವಾದರೆ ಮಣ್ಣು, ಮಣ್ಣು ಬೇಡವಾದರೆ ತಂತಿ, ಬಟ್ಟೆ, ರಟ್ಟು. ಬೇಡ ಅಂದಿದ್ದು ಬ್ರಷ್ಷನ್ನು ಇರಬಹುದು, ಕೆಲಸವನ್ನಲ್ಲ.

ಸಹಾಯ ಮಾಡುವವರ ಕೈ

ನಾಲ್ಕು ಐದು ಕಲಾವಿದರಿಗೆ ಒಬ್ಬರು ಸಹಾಯಕರು ಸಾಕು. ಸಾಧ್ಯವಾದರೆ ತಾವೂ ಚಿತ್ರ ಬರೆಯುವವರನ್ನೇ ಇಟ್ಟುಕೊಳ್ಳಿ. ಕಿವುಡ ಕಲಾವಿದರು ಬರುವುದಾದರೆ ಸಂಜ್ಞಾ ಭಾಷೆ ಗೊತ್ತಿರುವವರು ಒಬ್ಬರು ಬೇಕೇ ಬೇಕು.

ಸಹಾಯಕರಿಗೆ ಒಂದೇ ನಿಯಮ: ಕೃತಿಗೆ ಕೈ ಹಾಕಬಾರದು. ಹೇಳುವುದು ಸುಲಭ. ನಮ್ಮಲ್ಲಿ ಒಬ್ಬರು ಇಡೀ ಕಾಗದಕ್ಕೆ ನೀಲಿ ಬಳಿದು, ನಡುವೆ ಬೆರಳಗಲ ಬಿಳಿ ಜಾಗ ಬಿಟ್ಟಿದ್ದರು. ಅವರು ಟೀಗೆ ಎದ್ದಾಗ ನಾನೇ, ಮರೆತಿರಬೇಕು ಅಂದುಕೊಂಡು, ಅದನ್ನು ನೀಲಿ ಮಾಡಿದೆ. ವಾಪಸ್ ಬಂದವರು ಬಹಳ ಹೊತ್ತು ಕಾಗದ ನೋಡಿದರು. ಆಮೇಲೆ ಅದನ್ನು ನಿಧಾನಕ್ಕೆ ಎರಡಾಗಿ ಹರಿದು ನನ್ನ ಮುಂದೆ ಇಟ್ಟರು. ಕೂಗಲಿಲ್ಲ. ಆ ಎರಡು ತುಂಡು ಈಗಲೂ ನನ್ನ ಬೀರುವಿನಲ್ಲಿವೆ.

ಕೈ ಹಿಡಿದು ಬರೆಸುವ ಅಭ್ಯಾಸ ನಮ್ಮಲ್ಲಿ ಬಹಳ, ಅಕ್ಷರಾಭ್ಯಾಸದ ದಿನದಿಂದಲೇ ಶುರುವಾಗುತ್ತದೆ. ಇಲ್ಲಿ ಅದು ಬೇಡ. ನೀವು ಅವರ ಕೈ ಮೇಲೆ ಕೈ ಇಟ್ಟರೆ ಗೆರೆ ನಿಮ್ಮದಾಗುತ್ತದೆ. ತೋರಿಸಲೇಬೇಕಾದರೆ ನಿಮ್ಮ ಕೈ ಕೆಳಗಿರಲಿ, ಅವರ ಕೈ ಮೇಲಿರಲಿ. ಬೇಡ ಅನ್ನಿಸಿದಾಗ ಅವರೇ ತೆಗೆಯಬಹುದು.

ಮನೆಯವರಿಗೂ ಇದನ್ನು ಹೇಳಿ. "ಕಣ್ಣು ಎಲ್ಲಿ? ಮೂಗು ಎಲ್ಲಿ?" ಅಂತ ಪಕ್ಕದಲ್ಲಿ ಕೂತು ಕೇಳುವ ಅಮ್ಮಂದಿರಿಗೆ ಹೊರಗಿನ ಕಟ್ಟೆಯಲ್ಲಿ ಟೀ ಕೊಡಿ. ಅವರಿಗೂ ಆ ಎರಡು ಗಂಟೆ ಪುರುಸೊತ್ತು ಬೇಕು. ನೀವೂ "ಇದೇನು?" ಅಂತ ಕೇಳಬೇಡಿ. "ಇಲ್ಲಿ ಕೆಂಪು ತುಂಬಾ ಹೊತ್ತು ಬಳಿದಿರಿ" ಅಂತ ಕಂಡದ್ದನ್ನು ಹೇಳಿದರೆ ಸಾಕು, ಮಾತಿನ ಮನಸ್ಸಿದ್ದವರು ಮುಂದುವರಿಸುತ್ತಾರೆ.

ಮೂರ್ಛೆ ಬರುವವರು ಇದ್ದರೆ ಎಲ್ಲ ಸಹಾಯಕರಿಗೂ ಇಷ್ಟು ಗೊತ್ತಿರಲಿ. ಪಕ್ಕಕ್ಕೆ ಮಲಗಿಸಿ, ತಲೆಯಡಿ ಮೆತ್ತನೆಯದು ಇಡಿ, ಸುತ್ತಲಿನ ಸಾಮಾನು ಸರಿಸಿ, ಗಡಿಯಾರ ನೋಡಿ. ಬಾಯಿಗೆ ಏನೂ ತುರುಕಬೇಡಿ. ಕೈಗೆ ಬೀಗದ ಕೈ, ಕಬ್ಬಿಣ ಕೊಡಬೇಡಿ, ಈರುಳ್ಳಿ ಮೂಸಿಸಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಮುಗಿಯಿತು ಅನ್ನುವವರು ಯಾರು?

ಕಲಾವಿದರೇ. ಮಾತಿನಲ್ಲಿ ಹೇಳದವರಿಗೆ ಅವರದೇ ರೀತಿ ಇರುತ್ತದೆ. ಒಬ್ಬರು ಬ್ರಷ್ಷನ್ನು ನೀರಿಗೆ ಹಾಕದೆ ಮೇಜಿನ ಅಂಚಿಗೆ ಅಡ್ಡ ಇಡುತ್ತಾರೆ. ಇನ್ನೊಬ್ಬರು ಕೃತಿಯನ್ನು ದೂರ ತಳ್ಳುತ್ತಾರೆ. ಇದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಹೊಸ ಸಹಾಯಕರಿಗೆ ಬೇಕಾಗುತ್ತದೆ. ಅರ್ಧ ಆದದ್ದನ್ನು ಸುತ್ತಿ ಕಪಾಟಿಗೆ ಹಾಕಬೇಡಿ. ಮುಂದಿನ ವಾರ ಅವರು ಬರುವಾಗ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಇರಲಿ.

ಮುಗಿದ ಕೂಡಲೇ ಕೃತಿಯ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ತಾರೀಖು, ಯಾವುದು ಮೇಲೆ ಅನ್ನುವ ಬಾಣ. ಮೊಬೈಲಲ್ಲಿ ಫೋಟೋ. ಕಪಾಟು ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಇರಲಿ. ಗೆದ್ದಲು ನೆಲ, ಗೋಡೆಯ ಕಡೆಯಿಂದಲೇ ಬರುತ್ತದೆ. ನುಸಿಗುಳಿಗೆ ವಾಸನೆ ಕೆಲವರಿಗೆ ತಡೆಯಲು ಆಗುವುದಿಲ್ಲ, ಒಣಗಿದ ಬೇವಿನ ಸೊಪ್ಪು ಹಾಕಿ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನವೆಲ್ಲ ಕಪಾಟಿನ ಬಾಗಿಲು ತೆರೆದಿಡಿ.

ಕಾಗದಪತ್ರ, ಬೇಗ ಮುಗಿಸುತ್ತೇನೆ

ಒಂದು ಟ್ರಸ್ಟ್ ಅಥವಾ ಸಂಘ ನೋಂದಾಯಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಅಂಗವಿಕಲರ ಸಂಸ್ಥೆ ನಡೆಸಲು ನೋಂದಣಿ ಪತ್ರ ಬೇಕು, ಜಿಲ್ಲೆಯ ಅಂಗವಿಕಲ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಇದೇ ಕಾಯ್ದೆಯ 29ನೇ ಸೆಕ್ಷನ್ ಅಂಗವಿಕಲ ಕಲಾವಿದರಿಗೆ ಸೌಲಭ್ಯ, ಪ್ರೋತ್ಸಾಹ ಕೊಡಬೇಕು ಅನ್ನುತ್ತದೆ. ಅರ್ಜಿ ಬರೆಯುವಾಗ ಆ ಸೆಕ್ಷನ್ ನಂಬರ್ ಹಾಕಿ. ಗ್ರಾಮ ಪಂಚಾಯಿತಿಗಳು ಸ್ವಂತ ಆದಾಯದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ರ‍್ಯಾಂಪ್, ಟಾಯ್ಲೆಟ್‌ಗೆ ಅಲ್ಲಿ ಕೇಳಬಹುದು. ಗ್ರಾಮಸಭೆಯ ದಿನ ಕಲಾವಿದರನ್ನೂ ಕರೆದುಕೊಂಡು ಹೋಗಿ, ಅವರ ಹೆಸರಿನಲ್ಲಿ ನೀವೊಬ್ಬರೇ ಮಾತಾಡಬೇಡಿ.

ತೋರಿಸುವುದು, ಮಾರುವುದು

ಒಂದು ವರ್ಷದ ಕೆಲಸ ಸೇರುವ ತನಕ ಪ್ರದರ್ಶನದ ಯೋಚನೆ ಬೇಡ. ಆಮೇಲೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಸಂತೆಗೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಮುಂಚೆ ಹಾಕಬೇಕು. ಅಲ್ಲಿ ಜನಜಂಗುಳಿ ವಿಪರೀತ. ಗದ್ದಲ ತಡೆಯಲಾಗದ ಕಲಾವಿದರನ್ನು ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ ಬೇಗ ವಾಪಸ್ ಬನ್ನಿ. ಊರಲ್ಲೇ ಮಾಡುವುದಾದರೆ ಚಿತ್ರಗಳನ್ನು ಸ್ವಲ್ಪ ಕೆಳಗೆ ತೂಗುಹಾಕಿ, ವೀಲ್‌ಚೇರ್‌ನಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ. ಮುಟ್ಟಿ ನೋಡಬಹುದಾದ ಕೃತಿಗಳ ಪಕ್ಕ "ಮುಟ್ಟಿ" ಅಂತ ಬರೆಯಿರಿ, ಬ್ರೈಲ್‌ನಲ್ಲೂ ಬರೆಯಿರಿ.

ಕೃತಿಯ ಪಕ್ಕದ ಚೀಟಿಯಲ್ಲಿ ಹೆಸರು, ಸಾಮಗ್ರಿ, ವರ್ಷ, ಅಳತೆ. ಅಷ್ಟೇ. "ಕೈಯಿಲ್ಲದಿದ್ದರೂ ಅದ್ಭುತ ಸಾಧನೆ" ಅನ್ನುವ ಬ್ಯಾನರ್ ಕಟ್ಟಲು ಬರುವ ಪ್ರಾಯೋಜಕರು ಸಿಗುತ್ತಾರೆ. ದುಡ್ಡು ಬಿಟ್ಟರೂ ಸರಿ, ಬ್ಯಾನರ್ ಬೇಡ. 2025ರಲ್ಲಿ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಬಂದದ್ದು ನೆನಾ ಕಾಲು ಅನ್ನುವ ಕಲಾವಿದೆಗೆ. ಅವರಿಗೆ ಆಟಿಸಂ ಇದೆ, ಮಾತು ಬಹಳ ಕಮ್ಮಿ. 1999ರಿಂದ ಲಂಡನ್ನಿನ ಆ್ಯಕ್ಷನ್‌ಸ್ಪೇಸ್ ಅನ್ನುವ ಸಂಸ್ಥೆಯ ಬೆಂಬಲದಲ್ಲಿ ಕೆಲಸ ಮಾಡುತ್ತಿದ್ದಾರೆ. ಬಟ್ಟೆ, ಟೇಪು, ಹಳೇ ವಿಡಿಯೋ ಕ್ಯಾಸೆಟ್ಟಿನ ರೀಲು ಸುತ್ತಿ ಸುತ್ತಿ ದೊಡ್ಡ ಗೂಡುಗಳಂಥ ಶಿಲ್ಪ ತೂಗುಹಾಕುತ್ತಾರೆ. ಪ್ರಶಸ್ತಿಯ 25,000 ಪೌಂಡ್ ಬಂದದ್ದು ಆ ಕೆಲಸಕ್ಕೆ.

ಬೆಲೆಯನ್ನು ಕನಿಕರದ ಲೆಕ್ಕದಲ್ಲಿ ಇಡಬೇಡಿ, ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ. ನಿಮ್ಮ ಊರಿನ ಬೇರೆ ಕಲಾವಿದರು ಅದೇ ಅಳತೆಗೆ ಎಷ್ಟು ಕೇಳುತ್ತಾರೆ ನೋಡಿ. ಕ್ರಿಯೇಟಿವ್ ಗ್ರೋತ್‌ನಲ್ಲಿ ಮಾರಾಟದ ಅರ್ಧ ಕಲಾವಿದರಿಗೆ ಹೋಗುತ್ತದೆ. ಅದಕ್ಕಿಂತ ಕಮ್ಮಿ ನೀವೂ ಕೊಡಬೇಡಿ. 1957ರ ಕಾಪಿರೈಟ್ ಕಾಯ್ದೆಯಂತೆ ಚಿತ್ರದ ಹಕ್ಕು ಮೊದಲು ಅದನ್ನು ಮಾಡಿದವರದ್ದು. ಕಾಗದ, ಬಣ್ಣ ನಿಮ್ಮದು ಅಂದ ಮಾತ್ರಕ್ಕೆ ಚಿತ್ರದ ಹಕ್ಕು ನಿಮ್ಮದಾಗುವುದಿಲ್ಲ. ಚಿತ್ರ ಮಾರಿದರೂ ಅದನ್ನು ಕ್ಯಾಲೆಂಡರ್‌ಗೆ ಅಚ್ಚು ಹಾಕಲು ಬೇರೆ ಒಪ್ಪಿಗೆ, ಬೇರೆ ದುಡ್ಡು.

ದುಡ್ಡು ಕಲಾವಿದರ ಹೆಸರಿನ ಬ್ಯಾಂಕ್ ಖಾತೆಗೇ ಹೋಗಲಿ. ಮಗ ಅಥವಾ ಮಗಳಿಗೆ 18 ತುಂಬಿದ ಮೇಲೆ ತಂದೆತಾಯಿ ತಾನಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಪಾಲಕರು ಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಜಿಲ್ಲಾಧಿಕಾರಿ ಆ ಸಮಿತಿಯಲ್ಲಿರುತ್ತಾರೆ.

ಇನ್ನೊಂದು ನಾವು ಪೆಟ್ಟು ತಿಂದು ಕಲಿತದ್ದು. ನಮ್ಮ ಮೊದಲ ಪ್ರದರ್ಶನದಲ್ಲಿ ಹೊಲಿಗೆಯ ಒಂದು ಕೃತಿಗೆ ಗಿರಾಕಿ ಸಿಕ್ಕರು, ಒಳ್ಳೇ ಬೆಲೆ. ನಾವು ಮಾರಾಟವಾಯಿತು ಅನ್ನುವ ಕೆಂಪು ಚುಕ್ಕಿ ಅಂಟಿಸಿದೆವು. ಅದನ್ನು ಮಾಡಿದ ಅಕ್ಕ ಸಂಜೆ ಬಂದರು, ಚುಕ್ಕಿ ಕಿತ್ತು ಪಕ್ಕದ ಕಂಬಕ್ಕೆ ಅಂಟಿಸಿದರು, ಕೃತಿಯನ್ನು ಗೋಡೆಯಿಂದ ಇಳಿಸಿ ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದರು. ಗಿರಾಕಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಈಗ ಪ್ರದರ್ಶನಕ್ಕೆ ಮುಂಚೆ ಪ್ರತಿ ಕೃತಿಯ ಮುಂದೆಯೂ ಎರಡು ಚಿತ್ರದ ಕಾರ್ಡ್ ಇಡುತ್ತೇವೆ. ಒಂದರಲ್ಲಿ ಅಂಗಡಿ, ಇನ್ನೊಂದರಲ್ಲಿ ಮನೆ. ಯಾವುದನ್ನು ಮುಟ್ಟುತ್ತಾರೋ ಅದರಂತೆ ಚೀಟಿ ಬರೆಯುತ್ತೇವೆ. ಆ ಅಕ್ಕ ಇಲ್ಲಿಯವರೆಗೆ ಅಂಗಡಿ ಕಾರ್ಡ್ ಮುಟ್ಟಿದ್ದು ಎರಡೇ ಸಲ.